ಶೋಧನೆ ಎದುರಾಗುವ ಮುಂಚೆಯೇ: ಕಣ್ಣನ್ನೂ ಹೃದಯವನ್ನೂ ಕಾಯುವ ಬಗೆ

ಭಾನುವಾರದ ಆರಾಧನೆಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸುವ ಕರ್ತನ ಪ್ರಾರ್ಥನೆಯಲ್ಲಿ "ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ನಮ್ಮನ್ನು ತಪ್ಪಿಸು" ಎಂಬ ಬೇಡಿಕೆ ಇದೆ. ಶೋಧನೆ ಎಂದರೆ ಪಾಪದ ಕಡೆಗೆ ಎಳೆಯುವ ಸೆಳೆತ. ಅದರ ನಡುವೆ ನಿಂತು ಗೆಲ್ಲುವ ಬಲ ಕೊಡು ಎಂದು ಯೇಸು ಇಲ್ಲಿ ಕಲಿಸಲಿಲ್ಲ. ಅದರೊಳಗೆ ಕಾಲಿಡದಂತೆ ನೋಡಿಕೋ ಎಂದು ಬೇಡಲು ಕಲಿಸಿದನು. ನಮ್ಮ ರೂಢಿ ಇದಕ್ಕೆ ತಿರುವುಮುರುವು. ರಾತ್ರಿ 11ಕ್ಕೆ ಮೊಬೈಲ್ ಹಿಡಿದು ಹಾಸಿಗೆಗೆ ಹೋಗುತ್ತೇವೆ. 12ಕ್ಕೆ, ನೋಡಬಾರದ್ದನ್ನು ನೋಡಿಯಾದ ಮೇಲೆ, "ಕರ್ತನೇ, ಬಲ ಕೊಡು" ಎನ್ನುತ್ತೇವೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಂಥವರಿಗೇ ಹುಟ್ಟಿದ್ದಿರಬೇಕು.

ಬೈಬಲಿನಲ್ಲಿ ಈ ವಿಷಯದ ಕಥೆಗಳನ್ನೂ ಬುದ್ಧಿಮಾತುಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸೋಲುಗೆಲುವು ತೀರ್ಮಾನವಾಗುವುದು ನಾವು ಅಂದುಕೊಂಡ ಗಳಿಗೆಯಲ್ಲಿ ಅಲ್ಲ, ಅದಕ್ಕಿಂತ ಒಂದೆರಡು ತಾಸು ಮುಂಚೆ. ಕೆಲವೊಮ್ಮೆ ಒಂದೆರಡು ವರ್ಷ ಮುಂಚೆ. ಆದ್ದರಿಂದ ಇಲ್ಲಿ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಆ ಮುಂಚಿನ ಹೊತ್ತಿಗೆ ಸೇರಿದವು.

ಇನ್ನೊಂದು ಮಾತು. ಕಣ್ಣಿನ ಶೋಧನೆ ಎಂದ ಕೂಡಲೇ ಯೌವನಸ್ಥರ ಕೂಟದಲ್ಲಿ ಹುಡುಗರೆಲ್ಲ ತಲೆ ತಗ್ಗಿಸುತ್ತಾರೆ, ಹಿರಿಯರು ನಿರಾಳವಾಗಿ ಕೂರುತ್ತಾರೆ. ಅದು ಸರಿಯಲ್ಲ. ಯೋಹಾನನು ತನ್ನ ಮೊದಲ ಪತ್ರಿಕೆಯಲ್ಲಿ (2:16) ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಕಣ್ಣು ದೇಹಕ್ಕೆ ದೀಪ ಎಂದು ಯೇಸು ಹೇಳಿದ ಮಾತನ್ನು ಮತ್ತಾಯ 6ರಲ್ಲಿ ಅದರ ಜಾಗದಲ್ಲೇ ಓದಿ ನೋಡಿ. ಅದರ ಹಿಂದಿನ ಮಾತು ಭೂಮಿಯ ಮೇಲೆ ಗಂಟು ಮಾಡಿಟ್ಟುಕೊಳ್ಳುವುದರ ಬಗ್ಗೆ, ಮುಂದಿನದು ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂಬುದರ ಬಗ್ಗೆ. ಪಕ್ಕದ ಮನೆಯವರ ಹೊಸ ಕಾರನ್ನು ನೋಡಿ ರಾತ್ರಿ ನಿದ್ದೆಗೆಡುವವರಿಗೂ ಈ ಲೇಖನ ಸಲ್ಲುತ್ತದೆ.

ಮೊದಲ ಹೆಜ್ಜೆ: ನೀವು ಜಾರುವ ದಾರಿಯನ್ನು ಬರೆದಿಡಿ

ಯೆರಿಕೋ ಪಟ್ಟಣ ಇಸ್ರಾಯೇಲ್ಯರ ಕೈಗೆ ಬಿದ್ದಾಗ ಅಲ್ಲಿನ ಸೊತ್ತನ್ನು ಯಾರೂ ಸ್ವಂತಕ್ಕೆ ಮುಟ್ಟಬಾರದೆಂಬ ಆಜ್ಞೆ ಇತ್ತು. ಅವರಲ್ಲೊಬ್ಬನಾದ ಆಕಾನನು ಮುಟ್ಟಿದನು. ಸಿಕ್ಕಿಬಿದ್ದ ಮೇಲೆ ಅವನು ಕೊಟ್ಟ ಹೇಳಿಕೆ ಯೆಹೋಶುವನ ಗ್ರಂಥದಲ್ಲಿ (7:21) ಇದೆ. ಕೊಳ್ಳೆಯಲ್ಲಿ ಶಿನಾರ್ ದೇಶದ ಒಂದು ಒಳ್ಳೆಯ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಒಂದು ಚಿನ್ನದ ಗಟ್ಟಿ ಕಂಡೆ, ಆಶೆಪಟ್ಟೆ, ತೆಗೆದುಕೊಂಡೆ, ಗುಡಾರದ ನಡುವೆ ನೆಲದಲ್ಲಿ ಹೂತಿಟ್ಟೆ. ಪೊಲೀಸ್ ಠಾಣೆಯಲ್ಲಿ ಬರೆಸಿದಂತೆ ತೂಕ, ಅಳತೆ, ಜಾಗ ಎಲ್ಲವೂ ಅದರಲ್ಲಿದೆ. ಕಂಡದ್ದು, ಆಶೆಪಟ್ಟದ್ದು, ತೆಗೆದುಕೊಂಡದ್ದು, ಬಚ್ಚಿಟ್ಟದ್ದು: ಏದೆನಿನ ತೋಟದಲ್ಲಿ ನಡೆದದ್ದೂ ಇದೇ ಕ್ರಮದಲ್ಲಿ. ಅಲ್ಲಿ ಕೊನೆಗೆ ಬಚ್ಚಿಟ್ಟುಕೊಂಡದ್ದು ವಸ್ತುವನ್ನಲ್ಲ, ಮರಗಳ ನಡುವೆ ತಮ್ಮನ್ನೇ.

ನಿಮ್ಮ ಹೇಳಿಕೆಯನ್ನು ಸಿಕ್ಕಿಬೀಳುವ ಮುಂಚೆಯೇ ಬರೆಯಿರಿ. ಒಂದು ಸಣ್ಣ ನೋಟ್‌ಬುಕ್ ಸಾಕು. ಎರಡು ವಾರ ಕಾಲ, ಮನಸ್ಸು ಜಾರಿದಾಗಲೆಲ್ಲ ಮೂರು ಸಂಗತಿ ಗುರುತಿಸಿ: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಮನಸ್ಸು ಹೇಗಿತ್ತು. ಮೂರನೆಯದನ್ನು ಬಿಡಬೇಡಿ. ಬಹಳ ಮಂದಿಗೆ ಆ ಪುಟದಲ್ಲಿ ಕಾಣಸಿಗುವುದು ಆಶೆಗಿಂತ ಹೆಚ್ಚಾಗಿ ಬೇಸರ, ಮೇಲಧಿಕಾರಿಯ ಮೇಲಿನ ಸಿಟ್ಟು, ಮನೆಯಲ್ಲಿ ನಡೆದ ಜಗಳ, ಒಂಟಿತನ, ನಿದ್ದೆಗೇಡು. ಪ್ರತಿಯೊಬ್ಬನೂ ತನ್ನಲ್ಲಿರುವ ಆಶಾಪಾಶದಿಂದಲೇ ಎಳೆಯಲ್ಪಡುತ್ತಾನೆ ಎಂದು ಯಾಕೋಬನು ಬರೆದಿದ್ದಾನೆ (1:14). ನಿಮ್ಮ ದುರಾಶೆಯ ವಿಳಾಸ ನಿಮಗೆ ಗೊತ್ತಿಲ್ಲದಿದ್ದರೆ ಬೇಲಿಯನ್ನು ಎಲ್ಲಿ ಹಾಕುತ್ತೀರಿ?

ಯಾವುದು ಶೋಧನೆ, ಯಾವುದು ನಿರುಪದ್ರವ ಎಂದು ಗೊಂದಲವಾದರೆ ಆಕಾನನ ಕೊನೆಯ ಕ್ರಿಯೆಯನ್ನು ಅಳತೆಗೋಲು ಮಾಡಿಕೊಳ್ಳಿ. ಯಾರಾದರೂ ಕೋಣೆಗೆ ಬಂದ ಕೂಡಲೇ ನೀವು ಮಗುಚಿಡುವ ಪರದೆ, ಅಳಿಸುವ ಹುಡುಕಾಟ, ಹೆಂಡತಿಗೋ ಗಂಡನಿಗೋ ತೋರಿಸದ ಬ್ಯಾಂಕ್ ಸಂದೇಶ, ಬೇರೆ ಹೆಸರಿನಲ್ಲಿ ಉಳಿಸಿಕೊಂಡ ದೂರವಾಣಿ ಸಂಖ್ಯೆ. ಆನ್‌ಲೈನ್ ರಮ್ಮಿಯಲ್ಲಿ ಸಂಬಳ ಕಳೆದವರೂ ಮೊದಲು ಬಚ್ಚಿಟ್ಟದ್ದು ಸಣ್ಣ ಮೊತ್ತವನ್ನೇ.

ಎರಡನೆಯ ಹೆಜ್ಜೆ: ಮಾಳಿಗೆ ಹತ್ತುವ ಮುಂಚಿನ ಸಂಜೆಯನ್ನು ನೋಡಿ

ಇಸ್ರಾಯೇಲಿನ ಅರಸ ದಾವೀದನ ಕಥೆ ಎಲ್ಲರಿಗೂ ಗೊತ್ತು ಎಂದುಕೊಂಡು ನಾವು ಅದನ್ನು ಸ್ನಾನದ ದೃಶ್ಯದಿಂದಲೇ ಶುರು ಮಾಡುತ್ತೇವೆ. ಎರಡನೆಯ ಸಮುವೇಲನ 11ನೇ ಅಧ್ಯಾಯ ಅಲ್ಲಿಂದ ಶುರುವಾಗುವುದಿಲ್ಲ. ಅರಸರು ಯುದ್ಧಕ್ಕೆ ಹೊರಡುವ ಕಾಲ ಬಂದಿತ್ತು ಎಂಬುದು ಅದರ ಮೊದಲ ಮಾತು. ಸೇನಾಪತಿ ಯೋವಾಬನೂ ಸೈನ್ಯವೂ ಅಮ್ಮೋನಿಯರ ರಬ್ಬಾ ಪಟ್ಟಣಕ್ಕೆ, ಅಂದರೆ ಈಗಿನ ಜೋರ್ಡಾನಿನ ರಾಜಧಾನಿ ಅಮ್ಮಾನ್ ಇರುವ ಜಾಗಕ್ಕೆ, ಮುತ್ತಿಗೆ ಹಾಕಿದ್ದರು. ದಾವೀದನು ಯೆರೂಸಲೇಮಿನಲ್ಲೇ ಉಳಿದನು. ಸಂಜೆ ಹಾಸಿಗೆಯಿಂದ ಎದ್ದನು. ಮಾಳಿಗೆಯ ಮೇಲೆ ಅತ್ತಿತ್ತ ತಿರುಗಾಡಿದನು. ಸ್ನಾನ ಮಾಡುತ್ತಿದ್ದ ಹೆಂಗಸಿನ ಮೇಲೆ ಕಣ್ಣು ಬಿದ್ದದ್ದು ಇಷ್ಟೆಲ್ಲ ಆದ ಮೇಲೆ.

ಇವುಗಳಲ್ಲಿ ಯಾವುದೂ ಪಾಪವಲ್ಲ. ಊರಿನಲ್ಲಿ ಉಳಿಯುವುದು, ಮಧ್ಯಾಹ್ನ ಮಲಗುವುದು, ಗಾಳಿಗೆ ಮಾಳಿಗೆ ಹತ್ತುವುದು ಯಾವ ಆಜ್ಞೆಯನ್ನೂ ಮೀರುವುದಿಲ್ಲ. ಆದರೂ ಆ ಹಗಲನ್ನು ಬರೆದವನು ಒಂದೊಂದಾಗಿ ಎಣಿಸಿದ್ದಾನೆ. ಮಾಡಬೇಕಾದ ಕೆಲಸ ಬಿಟ್ಟವನ ಮುಂದೆ ಸಂಜೆ ಎಷ್ಟು ಉದ್ದಕ್ಕೆ ಬಿದ್ದಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಮುಂದಿನದು ಇನ್ನೂ ಮುಖ್ಯ. ಅರಸನು ಆಕೆ ಯಾರೆಂದು ವಿಚಾರಿಸಿದನು. ಬಂದ ಉತ್ತರ ಪ್ರಶ್ನೆಯ ರೂಪದಲ್ಲಿತ್ತು: ಆಕೆ ಎಲೀಯಾಮನ ಮಗಳೂ ಹಿತ್ತಿಯನಾದ ಊರೀಯನ ಹೆಂಡತಿಯೂ ಆದ ಬತ್ಷೆಬೆಯಲ್ಲವೇ? ಅದೇ ಗ್ರಂಥದ 23ನೇ ಅಧ್ಯಾಯದಲ್ಲಿ ದಾವೀದನ ಶೂರರ ಪಟ್ಟಿ ಇದೆ. ಒಟ್ಟು 37 ಮಂದಿ. ಅದರಲ್ಲಿ ಎಲೀಯಾಮ ಎಂಬ ಹೆಸರಿದೆ. ಪಟ್ಟಿಯ ಕಟ್ಟಕಡೆಯ ಹೆಸರು ಊರೀಯನದು. ದೂರದಲ್ಲಿ ಕಂಡ ರೂಪಕ್ಕೆ ಒಂದು ಹೆಸರು ಬಂತು, ತಂದೆ ಬಂದನು, ಗಂಡ ಬಂದನು. ಆ ಗಂಡ ಇವನಿಗಾಗಿಯೇ ರಬ್ಬಾದ ಗೋಡೆಯ ಕೆಳಗೆ ನಿಂತಿದ್ದನು. ಹಿಂದಿರುಗಲು ಅದು ಸಾಕಾಗಬೇಕಿತ್ತು. ದಾವೀದನು ಆಳುಗಳನ್ನು ಕಳುಹಿಸಿದನು. ಮುಂದೆ ಊರೀಯನು ತನ್ನ ಮರಣದ ಆಜ್ಞೆಯಿದ್ದ ಪತ್ರವನ್ನು ತಾನೇ ಹೊತ್ತುಕೊಂಡು ಯೋವಾಬನಿಗೆ ಕೊಟ್ಟದ್ದನ್ನು ನೀವು ಬಲ್ಲಿರಿ.

ಇಲ್ಲಿ ಒಂದು ಕೆಟ್ಟ ವಾಡಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಎಷ್ಟೋ ಪ್ರಸಂಗಗಳಲ್ಲಿ "ಆಕೆ ಮಾಳಿಗೆಯ ಮೇಲೆ ಸ್ನಾನ ಮಾಡುವುದೇ?" ಎಂಬ ಪ್ರಶ್ನೆ ಕೇಳಿಬರುತ್ತದೆ. ಆಕೆ ಮಾಳಿಗೆಯ ಮೇಲಿದ್ದಳೆಂದು ವಾಕ್ಯ ಹೇಳುವುದೇ ಇಲ್ಲ. ಮಾಳಿಗೆಯ ಮೇಲಿದ್ದವನು ದಾವೀದ. ಪ್ರವಾದಿ ನಾತಾನನು ಬಂದು ಹೇಳಿದ ಸಾಮ್ಯದಲ್ಲಿ ಬತ್ಷೆಬೆ ಬಡವನ ಮಡಿಲಲ್ಲಿ ಬೆಳೆದ, ಐಶ್ವರ್ಯವಂತನೊಬ್ಬ ಕಿತ್ತುಕೊಂಡ ಕುರಿಮರಿ. ತಪ್ಪಿತಸ್ಥನ ಜಾಗದಲ್ಲಿ ಒಬ್ಬನೇ ನಿಂತಿದ್ದಾನೆ. ತನ್ನ ಕಣ್ಣನ್ನು ಕಾಯುವ ಹೊಣೆಯನ್ನು ಎದುರಿನವರ ಬಟ್ಟೆಯ ಮೇಲೆ ಹೊರಿಸುವವನು ಇನ್ನೂ ಕಾಯಲು ಶುರುವೇ ಮಾಡಿಲ್ಲ.

ಈಗ ನಿಮ್ಮ ನೋಟ್‌ಬುಕ್ ತೆರೆಯಿರಿ. ನಿಮ್ಮ ಮಾಳಿಗೆ ಯಾವುದು? ಕೆಲವರಿಗೆ ಊಟವಾದ ಮೇಲಿನ ಹಾಸಿಗೆ. ಪಿಜಿಯಲ್ಲಿ ಇರುವವರಿಗೆ ರೂಮಿನವನು ಊರಿಗೆ ಹೋದ ಶನಿವಾರ. ಕೆಲಸದ ಮೇಲೆ ಊರೂರು ಸುತ್ತುವವರಿಗೆ ಲಾಡ್ಜಿನ ಕೋಣೆ. ಗಲ್ಫಿನಲ್ಲಿ ದುಡಿಯುವವರಿಗೆ ಶುಕ್ರವಾರದ ರಜೆ, ಮನೆಗೆ ಮಾಡಿದ ವಿಡಿಯೊ ಕರೆ ಮುಗಿದ ನಂತರದ ಮೌನ. ಆ ಒಂದು ಜಾಗವನ್ನೂ ಆ ಒಂದು ಹೊತ್ತನ್ನೂ ಹಿಡಿದು ಕೆಲಸ ಮಾಡಿ. ಇಡೀ ಬದುಕನ್ನು ಒಂದೇ ವಾರದಲ್ಲಿ ತಿದ್ದಲು ಹೋಗಬೇಡಿ.

ಹಾಸಿಗೆಯೇ ಮಾಳಿಗೆಯಾಗಿದ್ದರೆ ಫೋನಿನ ಚಾರ್ಜರ್ ಅನ್ನು ಅಡುಗೆಮನೆಗೆ ಸಾಗಿಸಿ. "ಅಲಾರಂ ಬೇಕಲ್ಲ" ಎಂಬುದು ಎಲ್ಲರೂ ಹೇಳುವ ನೆಪ. ಬಜಾರಿನಲ್ಲಿ ಅಲಾರಂ ಗಡಿಯಾರ ಇನ್ನೂ ಸಿಗುತ್ತದೆ. ಲಾಡ್ಜಿಗೆ ಹೋಗುವವರು ಕೋಣೆಗೆ ಕಾಲಿಟ್ಟ ಕೂಡಲೇ ಮನೆಗೆ ಕರೆ ಮಾಡುವ, ಊಟವನ್ನು ಕೋಣೆಗೆ ತರಿಸದೆ ಹೊರಗೆ ಹೋಗಿ ಮಾಡುವ ಪದ್ಧತಿ ಇಟ್ಟುಕೊಳ್ಳಿ. ಖಾಲಿ ಶನಿವಾರಕ್ಕೆ ಶುಕ್ರವಾರವೇ ಒಂದು ಕೆಲಸ ಗೊತ್ತುಮಾಡಿ. ಆ ಕೆಲಸದಲ್ಲಿ ಇನ್ನೊಬ್ಬರು ನಿಮಗಾಗಿ ಕಾಯುವಂತಿರಲಿ. ಶರೀರದ ಆಶೆಗಳಿಗೆ ಏರ್ಪಾಡು ಮಾಡಿಕೊಡಬೇಡಿ ಎಂದು ಪೌಲನು ರೋಮಾದವರಿಗೆ ಬರೆದದ್ದು (13:14) ಇಂಥ ಸಣ್ಣಪುಟ್ಟ ಏರ್ಪಾಡುಗಳ ಕುರಿತಾಗಿಯೇ ಎಂದು ನನ್ನ ಎಣಿಕೆ. ಕೆಟ್ಟದ್ದನ್ನು ಮಾಡುತ್ತೇನೆಂದು ಯಾರೂ ಸಂಕಲ್ಪ ಮಾಡುವುದಿಲ್ಲ. ಬಾಗಿಲನ್ನು ಸುಮ್ಮನೆ ಓರೆಯಾಗಿ ಬಿಟ್ಟಿರುತ್ತಾರೆ.

ಮೂರನೆಯ ಹೆಜ್ಜೆ: ಕಣ್ಣಿನೊಡನೆ ಒಪ್ಪಂದ

ಯೋಬನು 31ನೇ ಅಧ್ಯಾಯದ ಆರಂಭದಲ್ಲೇ ತಾನು ಕಣ್ಣುಗಳೊಡನೆ ಒಡಂಬಡಿಕೆ ಮಾಡಿಕೊಂಡದ್ದನ್ನು ಹೇಳುತ್ತಾನೆ. ಹೀಗಿರುವಾಗ ಕನ್ಯೆಯ ಮೇಲೆ ಹೇಗೆ ಕಣ್ಣಿಡಲಿ ಎಂದು ಕೇಳುತ್ತಾನೆ. ಇದೇ ಅಧ್ಯಾಯದಲ್ಲಿ ಅವನು ಬಡವರಿಗೆ ಅನ್ನ ಕೊಡದೆ ಒಬ್ಬನೇ ಉಂಡಿದ್ದರೆ, ವಿಧವೆಯ ಕಣ್ಣು ಬತ್ತಿಸಿದ್ದರೆ, ಬಂಗಾರದ ಮೇಲೆ ಭರವಸೆ ಇಟ್ಟಿದ್ದರೆ ಎಂದು ತನ್ನನ್ನೇ ತನಿಖೆಗೆ ಒಡ್ಡಿಕೊಳ್ಳುತ್ತಾನೆ. ಏಳನೆಯ ವಚನದಲ್ಲಿ ನನ್ನ ಹೃದಯವು ಕಣ್ಣುಗಳ ಹಿಂದೆ ಹೋಗಿದ್ದರೆ ಎಂಬ ಮಾತಿದೆ. ಮುಂದೆ ಹೋಗುವುದು ಕಣ್ಣು, ಹಿಂದೆ ನಡೆಯುವುದು ಹೃದಯ.

ಒಪ್ಪಂದ ಎಂದರೆ ಮುಂಚಿತವಾಗಿ ಷರತ್ತು ಬರೆದುಕೊಳ್ಳುವುದು. ಆ ಗಳಿಗೆಯಲ್ಲಿ ಯೋಚಿಸುತ್ತೇನೆ ಎನ್ನುವವನಿಗೆ ಒಪ್ಪಂದವಿಲ್ಲ. ಷರತ್ತು ಸಣ್ಣದಾಗಿಯೂ ಖಚಿತವಾಗಿಯೂ ಇರಲಿ: "ಮೊದಲ ನೋಟ ನನ್ನ ಕೈಯಲ್ಲಿಲ್ಲ, ಎರಡನೆಯದನ್ನು ಹಾಯಿಸುವುದಿಲ್ಲ." ಮತ್ತಾಯ 5:28ರಲ್ಲಿ ಯೇಸು ಖಂಡಿಸಿದ್ದು ಮೋಹಿಸುವುದಕ್ಕಾಗಿ ನೋಡುವ ನೋಟವನ್ನು. ಬಸ್ಸಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿದ್ದದ್ದಕ್ಕೆ ಇಡೀ ದಿನ ಅಪರಾಧಿ ಭಾವದಲ್ಲಿ ಬೇಯುವವರನ್ನು ನೋಡಿದ್ದೇನೆ. ಅವರಿಗೆ ಇಬ್ರಿಯರಿಗೆ ಬರೆದ ಪತ್ರಿಕೆಯ 4:15 ಬೇಕು: ಯೇಸು ಸರ್ವವಿಷಯಗಳಲ್ಲಿ ನಮ್ಮ ಹಾಗೆ ಶೋಧನೆಗೆ ಗುರಿಯಾದನು, ಪಾಪ ಮಾತ್ರ ಮಾಡಲಿಲ್ಲ. ಶೋಧನೆ ಬರುವುದೇ ಪಾಪವಾಗಿದ್ದರೆ ಈ ವಾಕ್ಯಕ್ಕೆ ಅರ್ಥವಿಲ್ಲ.

ಎರಡನೆಯ ನೋಟದ ಲೆಕ್ಕವನ್ನು ಈಗ ನಿಮ್ಮ ಮೊಬೈಲೂ ಇಡುತ್ತದೆ. ರೀಲ್ಸ್ ತೋರಿಸುವ ಆ್ಯಪ್‌ಗಳು ನೀವು ಯಾವುದರ ಮೇಲೆ ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಅಳೆದು ಅಂಥದ್ದನ್ನೇ ಮತ್ತೆ ತಂದಿಡುತ್ತವೆ. ಲೈಕ್ ಒತ್ತಬೇಕಾಗಿಲ್ಲ, ಹೆಬ್ಬೆರಳು ನಿಂತರೆ ಸಾಕು. ಆದ್ದರಿಂದ ಬೇಡದ್ದು ಬಂದಾಗ ತಕ್ಷಣ ಮೇಲಕ್ಕೆ ತಳ್ಳಿ ಅಥವಾ ಆಸಕ್ತಿಯಿಲ್ಲ ಎಂಬ ಆಯ್ಕೆ ಒತ್ತಿ. ಯೂಟ್ಯೂಬಿನಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಿ ನಿಲ್ಲಿಸಿಟ್ಟರೆ ಮುಖಪುಟದಲ್ಲಿ ಶಿಫಾರಸುಗಳೇ ಬರುವುದಿಲ್ಲ. ಬೇಕಾದದ್ದನ್ನು ನೀವೇ ಹುಡುಕಬೇಕಾಗುತ್ತದೆ. ಐಫೋನಿನ ಸ್ಕ್ರೀನ್ ಟೈಮ್ ವಿಭಾಗದಲ್ಲಿ ವಯಸ್ಕರ ಜಾಲತಾಣಗಳನ್ನು ತಡೆಯುವ ಆಯ್ಕೆ ಇದೆ, ಆಂಡ್ರಾಯ್ಡಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್‌ಗೆ ದಿನದ ಮಿತಿ ಹಾಕಬಹುದು, ಗೂಗಲ್ ಹುಡುಕಾಟದಲ್ಲಿ ಸೇಫ್‌ಸರ್ಚ್ ಇದೆ. ಸ್ಕ್ರೀನ್ ಟೈಮ್‌ನ ಪಾಸ್‌ಕೋಡ್ ಅನ್ನು ನೀವೇ ಇಟ್ಟುಕೊಂಡರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಮನೆಯವರೊಬ್ಬರಿಗೋ ಗೆಳೆಯನಿಗೋ ಹೇಳಿ ಅವರಿಂದ ಹಾಕಿಸಿ.

ಬಲಗಣ್ಣು ಪಾಪಕ್ಕೆ ಕಾರಣವಾದರೆ ಕಿತ್ತು ಬಿಸಾಡು ಎಂಬ ಯೇಸುವಿನ ಮಾತನ್ನು ಅಕ್ಷರಕ್ಕೆ ಅಕ್ಷರ ತೆಗೆದುಕೊಳ್ಳುವ ಅಪಾಯ ಹಿಂದೆಯೂ ಇತ್ತು. ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ವಿದ್ವಾಂಸ ಒರಿಗೆನನು ಯೌವನದಲ್ಲಿ ತನ್ನನ್ನು ತಾನೇ ನಪುಂಸಕನನ್ನಾಗಿ ಮಾಡಿಕೊಂಡನೆಂದು ಸಭಾ ಚರಿತ್ರೆ ಬರೆದ ಯೂಸೇಬಿಯಸ್ ದಾಖಲಿಸಿದ್ದಾನೆ. ಕ್ರಿ.ಶ. 325ರಲ್ಲಿ ನಿಕೇಯದಲ್ಲಿ ಸೇರಿದ ಸಭೆಗಳ ಮಹಾಸಮ್ಮೇಳನದ ಮೊದಲನೆಯ ನಿಯಮವೇ, ಬೇಕೆಂದು ಹೀಗೆ ಮಾಡಿಕೊಂಡವರನ್ನು ಯಾಜಕರಾಗಿ ಇರಗೊಡಬಾರದು ಎಂಬುದು. ಒಂದು ಕಣ್ಣು ಹೋದರೂ ಇನ್ನೊಂದು ಕಣ್ಣು ಮೋಹಿಸಬಲ್ಲದು, ಎರಡೂ ಹೋದರೆ ನೆನಪು ಸಾಕು. ಯೇಸು ಕೇಳಿದ್ದು ಬೆಲೆಬಾಳುವುದನ್ನು ಕಳೆದುಕೊಳ್ಳುವ ಸಿದ್ಧತೆಯನ್ನು. ಒಂದು ಆ್ಯಪ್ ತೆಗೆದರೆ ಶಾಲೆಯ ಗೆಳೆಯರ ಸುದ್ದಿ ತಪ್ಪಿಹೋಗುತ್ತದೆ; ಹೋಗಲಿ. ಸಂಜೆ ಒಬ್ಬ ಸಹೋದ್ಯೋಗಿಯ ಜೊತೆಗಿನ ಕಾಫಿ ಕಾಫಿಯಾಗಿ ಉಳಿದಿಲ್ಲ ಎಂದು ನಿಮ್ಮ ಅಂತರಂಗಕ್ಕೆ ಗೊತ್ತಾಗಿದ್ದರೆ ಕ್ಯಾಂಟೀನಿಗೆ ಹೋಗುವ ಹೊತ್ತು ಬದಲಾಗಲಿ.

ಹಾಗೆಂದು ಹೆಂಗಸರನ್ನು ಕಂಡರೆ ನೆಲ ನೋಡುತ್ತಾ ಮುಖ ತಿರುಗಿಸಿ ಹೋಗುವುದು ಬೈಬಲ್ ಹೇಳುವ ಕಾವಲಲ್ಲ. ಫರಿಸಾಯನಾದ ಸೀಮೋನನ ಮನೆಯ ಊಟದಲ್ಲಿ ಊರಿಗೆಲ್ಲ ದುರಾಚಾರಿ ಎನಿಸಿಕೊಂಡ ಹೆಂಗಸೊಬ್ಬಳು ಬಂದು ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದಳು. ಸೀಮೋನನಿಗೆ ಆಕೆಯಲ್ಲಿ ಕಂಡದ್ದು ಒಂದು ಹಣೆಪಟ್ಟಿ ಮಾತ್ರ. ಯೇಸು ಆಕೆಯ ಕಡೆಗೆ ತಿರುಗಿ ಅವನನ್ನು ಕೇಳಿದ್ದು: ಈ ಹೆಂಗಸನ್ನು ನೋಡಿದೆಯಾ? (ಲೂಕ 7:44). ನಂತರ ಆಕೆ ಏನೇನು ಮಾಡಿದಳೆಂದು ಒಂದೊಂದಾಗಿ ಹೇಳಿದನು. ಪ್ರಾಯದ ಸ್ತ್ರೀಯರನ್ನು ಪೂರ್ಣ ಶುದ್ಧಭಾವದಿಂದ ಅಕ್ಕತಂಗಿಯರೆಂದು ಎಣಿಸು ಎಂದು ಪೌಲನು ತಿಮೊಥೆಯನಿಗೆ ಬರೆದದ್ದೂ (1 ತಿಮೊಥೆಯ 5:2) ಸರಿಯಾಗಿ ನೋಡುವ ಅಭ್ಯಾಸವನ್ನೇ. ಎದುರಿಗಿರುವವರ ಹೆಸರು ಕೇಳಿ, ಊರು ಕೇಳಿ, ಅವರ ಕೆಲಸದ ಕಷ್ಟ ಕೇಳಿ. ಹೆಸರೂ ಮನೆಯೂ ಚಿಂತೆಯೂ ಇರುವ ಮನುಷ್ಯರನ್ನು ವಸ್ತುವಾಗಿ ನೋಡುವುದು ಕಷ್ಟವಾಗುತ್ತದೆ. ದಾವೀದನಿಗೆ ಸಿಕ್ಕ ಉತ್ತರ ಮಾಡಬೇಕಾಗಿದ್ದ ಕೆಲಸ ಅದೇ.

ನಾಲ್ಕನೆಯ ಹೆಜ್ಜೆ: ಎದುರಾದರೆ ವಾದ ಬೇಡ, ಓಡಿ

ಪ್ರಾಚೀನ ಸಭೆಯ ದೊಡ್ಡ ಗುರು ಅಗಸ್ಟೀನನು ತನ್ನ ಆತ್ಮಕಥನದಲ್ಲಿ ಗೆಳೆಯ ಅಲಿಪಿಯಸ್‌ನ ಒಂದು ಪ್ರಸಂಗ ಬರೆದಿದ್ದಾನೆ. ಅಲಿಪಿಯಸ್ ಕಾನೂನು ಓದಲು ರೋಮಿಗೆ ಹೋಗಿದ್ದನು. ಖಡ್ಗಮಲ್ಲರು ಸಾಯುವ ತನಕ ಹೊಡೆದಾಡುವ ಆಟಗಳೆಂದರೆ ಅವನಿಗೆ ಹೇಸಿಗೆ. ಒಂದು ದಿನ ಗೆಳೆಯರು ದಾರಿಯಲ್ಲಿ ಸಿಕ್ಕಿ ಎಳೆದುಕೊಂಡು ಹೋದರು. ನನ್ನ ದೇಹವನ್ನು ಅಲ್ಲಿ ಕೂರಿಸಬಹುದು, ಕಣ್ಣನ್ನೂ ಮನಸ್ಸನ್ನೂ ಅತ್ತ ತಿರುಗಿಸಲಾರಿರಿ ಎಂದು ಅವನು ಸವಾಲು ಹಾಕಿದನು. ಕೂತನು, ಕಣ್ಣು ಮುಚ್ಚಿದನು. ಒಬ್ಬನು ಬಿದ್ದಾಗ ಜನ ಹೋ ಎಂದು ಕೂಗಿದರು. ಕಿವಿಯನ್ನು ಮುಚ್ಚಿರಲಿಲ್ಲ. ಏನಾಯಿತೆಂದು ನೋಡಿ ಮತ್ತೆ ಮುಚ್ಚಿದರಾಯಿತು ಎಂದುಕೊಂಡು ಕಣ್ಣು ತೆರೆದನು, ಮುಚ್ಚಲಾಗಲಿಲ್ಲ. ರಕ್ತವನ್ನು ಕಂಡು ತಾನೂ ಕೂಗಿದನು. ಆಮೇಲೆ ಅಲ್ಲಿಗೆ ಬೇರೆಯವರನ್ನು ಎಳೆದುಕೊಂಡು ಹೋಗುವವನು ಅವನೇ ಆದನು. ಮುಂದೆ ಬಹಳ ಕಾಲದ ಮೇಲೆ ಅದರಿಂದ ಬಿಡುಗಡೆ ಹೊಂದಿ ತನ್ನ ಹುಟ್ಟೂರು ತಾಗಸ್ತೆಯ ಬಿಷಪ್ ಆದನು.

ಇದರಲ್ಲಿ ಕಾಮದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಅಪಘಾತದಲ್ಲಿ ಬಿದ್ದವರ, ಗುಂಪು ಸೇರಿ ಹೊಡೆಯುವವರ ವಿಡಿಯೊಗಳನ್ನು "ಅಯ್ಯೋ ಪಾಪ" ಎನ್ನುತ್ತಲೇ ಕೊನೆಯ ತನಕ ನೋಡಿ ನಾಲ್ಕು ಗುಂಪುಗಳಿಗೆ ಕಳುಹಿಸುವ ನಮ್ಮ ಕಾಲಕ್ಕೆ ಅಲಿಪಿಯಸ್ ಬಹಳ ಹತ್ತಿರದವನು.

ಅವನನ್ನು ಕೆಡಿಸಿದ್ದು ತನ್ನ ಗಟ್ಟಿತನದ ಮೇಲಿನ ಭರವಸೆ. ಯೋಸೇಫನ ಬಳಿ ಆ ಭರವಸೆ ಇರಲಿಲ್ಲವೆಂದೇ ಕಾಣುತ್ತದೆ. ಆದಿಕಾಂಡ 39ರಲ್ಲಿ ಅವನ ಯಜಮಾನ ಪೋಟೀಫರನ ಹೆಂಡತಿ ದಿನದಿನವೂ ಪೀಡಿಸುತ್ತಿದ್ದರೂ ಅವನು ಆಕೆಯ ಬಳಿ ಇರುವುದಕ್ಕೂ ಒಪ್ಪಲಿಲ್ಲ. ಒಂದು ಸಲ ಉತ್ತರ ಕೊಟ್ಟನು: ಯಜಮಾನ ನನ್ನನ್ನು ನಂಬಿದ್ದಾನೆ, ಇಂಥ ದುಷ್ಕೃತ್ಯ ಮಾಡಿ ದೇವರಿಗೆ ವಿರುದ್ಧವಾಗಿ ಹೇಗೆ ಪಾಪಮಾಡಲಿ? ಮನೆಯಲ್ಲಿ ಯಾರೂ ಇಲ್ಲದ ದಿನ ಆಕೆ ಬಟ್ಟೆ ಹಿಡಿದಾಗ ಎರಡನೆಯ ಸಲ ಉತ್ತರ ಕೊಡುತ್ತಾ ನಿಲ್ಲಲಿಲ್ಲ. ಬಟ್ಟೆ ಬಿಟ್ಟು ಓಡಿದನು. ಓಡಿದ್ದಕ್ಕೆ ಸಿಕ್ಕಿದ್ದು ಸೆರೆಮನೆ. ಶುದ್ಧವಾಗಿದ್ದರೆ ಎಲ್ಲವೂ ಒಳ್ಳೆಯದೇ ಆಗುತ್ತದೆ ಎಂದು ಮಕ್ಕಳಿಗೆ ಹೇಳುವ ನಾವು ಈ ಭಾಗವನ್ನೂ ಓದಬೇಕು. (ಈ ಒಂದು ಕಥೆಯನ್ನು ಹಿಡಿದುಕೊಂಡು, ದೂರು ಕೊಡುವ ಹೆಂಗಸರೆಲ್ಲ ಸುಳ್ಳುಗಾರರು ಎನ್ನುವವರೂ ಇದ್ದಾರೆ. ಅದೇ ಬೈಬಲಿನಲ್ಲಿ ಮಲಅಣ್ಣನಿಂದಲೇ ಅತ್ಯಾಚಾರಕ್ಕೆ ಒಳಗಾದ ತಾಮಾರಳ ಕಥೆಯೂ ಇದೆ, 2 ಸಮುವೇಲ 13ರಲ್ಲಿ.)

ಓಡುವುದೆಂದರೆ ದೇಹವನ್ನು ಜಾಗದಿಂದ ಎಬ್ಬಿಸುವುದು. ಎದ್ದು ನಿಲ್ಲಿ. ಫೋನನ್ನು ಅಲ್ಲೇ ಬಿಟ್ಟು ಜನರಿರುವ ಕೋಣೆಗೆ ಹೋಗಿ. ಯಾರೂ ಇಲ್ಲದಿದ್ದರೆ ಚಪ್ಪಲಿ ಹಾಕಿ ಬೀದಿಯ ಕೊನೆಯ ತನಕ ನಡೆಯಿರಿ, ಇಲ್ಲವೇ ಪಾತ್ರೆ ತೊಳೆಯಿರಿ. ಮಲಗಿಕೊಂಡೇ ಪ್ರಾರ್ಥಿಸುತ್ತೇನೆ ಎಂಬುದು ಕೇಳಲು ಭಕ್ತಿಯಂತಿದ್ದರೂ ಅಲಿಪಿಯಸ್ ಕಣ್ಣು ಮುಚ್ಚಿ ಕೂತದ್ದಕ್ಕೆ ಸಮ. ದೇವರು ತಪ್ಪಿಸಿಕೊಳ್ಳುವ ಮಾರ್ಗವನ್ನು ಸಿದ್ಧಪಡಿಸುತ್ತಾನೆ ಎಂದು 1 ಕೊರಿಂಥ 10:13 ಹೇಳುತ್ತದೆ. ಆ ಮಾರ್ಗ ಬಹಳ ಸಲ ಕೋಣೆಯ ಬಾಗಿಲೇ ಆಗಿರುತ್ತದೆ.

ನಡೆಯುತ್ತಾ ಹೇಳಿಕೊಳ್ಳಲು ಎರಡು ಮೂರು ವಾಕ್ಯ ಬಾಯಿಪಾಠ ಇರಲಿ. ಅರಣ್ಯದಲ್ಲಿ ಯೇಸು ಸೈತಾನನಿಗೆ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದಿಂದ ಬಂದವು, ಮೂರೂ ಒಂದೊಂದು ಸಾಲಿನವು. ವ್ಯರ್ಥವಾದವುಗಳಿಂದ ನನ್ನ ಕಣ್ಣುಗಳನ್ನು ತಿರುಗಿಸು ಎಂಬ ಕೀರ್ತನೆ 119:37 ಇದಕ್ಕೆ ಚೆನ್ನಾಗಿ ಒದಗುತ್ತದೆ.

ಐದನೆಯ ಹೆಜ್ಜೆ: ಖಾಲಿ ಬಿಡಬೇಡಿ

ಮತ್ತಾಯ 12ರಲ್ಲಿ ಯೇಸು ಹೇಳಿದ ದೆವ್ವದ ಮಾತು ನೆನಪಿದೆಯೇ? ಬಿಟ್ಟುಹೋದ ಮನೆಗೆ ಅದು ತಿರುಗಿ ಬಂದಾಗ ಮನೆ ಗುಡಿಸಿ ಅಲಂಕರಿಸಿತ್ತು, ಆದರೆ ಖಾಲಿಯಾಗಿತ್ತು. ತನಗಿಂತ ಕೆಟ್ಟ ಬೇರೆ ಏಳು ದೆವ್ವಗಳನ್ನು ಅದು ಕರೆತಂದಿತು. ತಪಸ್ಸುಕಾಲದ 40 ದಿನ ಸಾಮಾಜಿಕ ಜಾಲತಾಣಗಳನ್ನು ಬಿಟ್ಟು, ಈಸ್ಟರ್ ರಾತ್ರಿಯೇ ಬಡ್ಡಿ ಸಮೇತ ನೋಡುವವರ ಗತಿ ಇದು.

ತೆಗೆದ ಜಾಗಕ್ಕೆ ಏನನ್ನು ಇಡುತ್ತೀರಿ ಎಂಬುದನ್ನು ತೆಗೆಯುವ ದಿನವೇ ಗೊತ್ತುಮಾಡಿ. ಬೆಳಿಗ್ಗೆ ಫೋನ್ ಮುಟ್ಟುವ ಮುಂಚೆ ಒಂದು ಕೀರ್ತನೆ, ಗಟ್ಟಿಯಾಗಿ ಓದಿ. ಮುದ್ರಿತ ಬೈಬಲಿನಲ್ಲೇ ಓದಿ, ಏಕೆಂದರೆ ಬೈಬಲ್ ಆ್ಯಪ್ ಪಕ್ಕದಲ್ಲೇ ಉಳಿದದ್ದೆಲ್ಲವೂ ಇರುತ್ತದೆ. ಕೀರ್ತನೆ ಹಾಡುವವರು ಹಾಡಿ, ತೋಟ ಇರುವವರು ತೋಟಕ್ಕೆ ಇಳಿಯಿರಿ. ಸಂಜೆಯ ಹೊತ್ತನ್ನು ಸಭೆಯ ವಯಸ್ಸಾದವರೊಬ್ಬರ ಔಷಧ ತಂದುಕೊಡುವುದಕ್ಕೋ ಮಗುವಿನ ಲೆಕ್ಕದ ಪಾಠಕ್ಕೋ ಕೊಡಬಹುದು. ಫಿಲಿಪ್ಪಿ 4:8ರಲ್ಲಿ ಪೌಲನು ಸತ್ಯವೂ ಮಾನ್ಯವೂ ಶುದ್ಧವೂ ಆದವುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ ಎಂದಾಗ ಅದರೊಳಗೆ ಒಳ್ಳೆಯ ಸಂಗೀತವೂ ಒಳ್ಳೆಯ ಕ್ರಿಕೆಟ್ಟೂ ಸೇರದು ಎಂದೇನೂ ಹೇಳಲಿಲ್ಲ. ಮದುವೆಯಾದವರಿಗೆ ಜ್ಞಾನೋಕ್ತಿ 5:15ರಿಂದ 19ರ ತನಕದ ವಚನಗಳಿವೆ. ಸಂಕೋಚಪಟ್ಟು ಹಾರಿಸದೆ ಗಂಡಹೆಂಡಿರು ಒಟ್ಟಿಗೆ ಓದಬೇಕಾದವು.

ಕಣ್ಣೆದುರಿಗೆ ಒಂದು ಗುರುತು ಇಟ್ಟುಕೊಳ್ಳುವುದೂ ಹಳೆಯ ಉಪಾಯ. ಅರಣ್ಯಕಾಂಡ 15ರಲ್ಲಿ ಇಸ್ರಾಯೇಲ್ಯರು ಬಟ್ಟೆಯ ಮೂಲೆಗಳಿಗೆ ಗೊಂಡೆ ಕಟ್ಟಿ ಅದರಲ್ಲಿ ನೀಲಿ ದಾರ ಸೇರಿಸಬೇಕೆಂಬ ವಿಧಿ ಇದೆ. ಅದನ್ನು ಕಂಡಾಗ ಆಜ್ಞೆಗಳ ನೆನಪಾಗಿ, ಹೃದಯವೂ ಕಣ್ಣೂ ಎಳೆದತ್ತ ಹೋಗದಿರಲಿ ಎಂಬುದು ಅಲ್ಲೇ ಕೊಟ್ಟಿರುವ ಕಾರಣ. ಕಣ್ಣನ್ನು ಕಾಯಲು ಕಣ್ಣಿಗೇ ಕೆಲಸ ಕೊಟ್ಟರು. ಫೋನಿನ ಮುಖಪರದೆಯ ಮೇಲೆ ಮಕ್ಕಳ ಚಿತ್ರವೋ ಒಂದು ವಾಕ್ಯವೋ ಇದ್ದರೆ ಅದೇ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಬದಲಿಸದಿದ್ದರೆ ಕಣ್ಣು ಅದನ್ನು ಕಾಣುವುದನ್ನೇ ಬಿಡುತ್ತದೆ.

ಆರನೆಯ ಹೆಜ್ಜೆ: ಒಬ್ಬರಿಗೆ ಹೇಳಿ

ಬಿದ್ದ ಮೇಲೆ ಎರಡು ದಾರಿ. ಒಂದು ಆಕಾನನದು, ಹೂತಿಡುವುದು. ಇನ್ನೊಂದು ದಾವೀದನು ತಡವಾಗಿ ಹಿಡಿದದ್ದು. 51ನೇ ಕೀರ್ತನೆ ಅದರ ಫಲ. ಶುದ್ಧಹೃದಯವನ್ನು ನನ್ನಲ್ಲಿ ನಿರ್ಮಿಸು ಎಂದು ಅವನು ಬೇಡಿದನು. ತಾನೇ ಶುದ್ಧ ಮಾಡಿಕೊಳ್ಳುತ್ತೇನೆಂದು ಮಾತು ಕೊಡಲಿಲ್ಲ. ನಾವು ಪಾಪಗಳನ್ನು ಒಪ್ಪಿ ಅರಿಕೆಮಾಡಿದರೆ ಕ್ಷಮಿಸುವವನು ನಂಬಿಗಸ್ತನು ಎಂದು 1 ಯೋಹಾನ 1:9 ಹೇಳುತ್ತದೆ. ದೇವರಿಗೆ ಹೇಳಿದ ಮೇಲೆ ಮನುಷ್ಯರಿಗೇಕೆ ಎಂದು ಕೇಳುವವರಿಗೆ ಯಾಕೋಬ 5:16 ಇದೆ: ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದೆ. ಉಳಿದವರು ತಾವೇ ಒಬ್ಬರನ್ನು ಹುಡುಕಿಕೊಳ್ಳಬೇಕು.

ಯಾರನ್ನು? ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು. ನಿಮಗಿಂತ ಸ್ವಲ್ಪ ಹಿರಿಯರು. ಇನ್ನೊಬ್ಬರ ಗುಟ್ಟನ್ನು ನಿಮ್ಮ ಮುಂದೆ ಎಂದೂ ಆಡದವರು. ಕೊನೆಯದು ಎಲ್ಲಕ್ಕಿಂತ ಮುಖ್ಯ. "ಅವರಿಗಾಗಿ ಪ್ರಾರ್ಥಿಸೋಣ" ಎಂಬ ಹೆಸರಿನಲ್ಲಿ ಸುದ್ದಿ ಹಂಚುವವರು ಪ್ರತಿ ಸಭೆಯಲ್ಲೂ ಇರುತ್ತಾರೆ, ಅವರಿಂದ ದೂರವಿರಿ. ಕೇಳುವ ಜಾಗದಲ್ಲಿ ಕೂತವರು ಗಲಾತ್ಯ 6:1 ಓದಿ ಕೂರಲಿ: ಶಾಂತಭಾವದಿಂದ ತಿದ್ದಿ ಸರಿಮಾಡಿರಿ, ನೀನಾದರೂ ಶೋಧನೆಗೆ ಒಳಗಾಗದಂತೆ ನಿನ್ನ ವಿಷಯದಲ್ಲಿ ಎಚ್ಚರಿಕೆಯಾಗಿರು.

ಅರಿಕೆಯೊಂದೇ ಸಾಲದ ಸಂದರ್ಭಗಳೂ ಇವೆ. ಇನ್ನೊಬ್ಬರಿಗೆ, ಅದರಲ್ಲೂ ಮಕ್ಕಳಿಗೆ, ಹಾನಿಯಾಗಿದ್ದರೆ ಅದು ಇಬ್ಬರ ನಡುವಿನ ಗುಟ್ಟಾಗಿ ಉಳಿಯುವಂತಿಲ್ಲ, ಕಾನೂನಿನ ಮುಂದೆ ಹೋಗಲೇಬೇಕು. ನಿಲ್ಲಿಸಬೇಕೆಂದು ಮನಸ್ಸಿದ್ದರೂ ಕೈ ನಿಲ್ಲುತ್ತಿಲ್ಲ, ನಿದ್ದೆ, ಕೆಲಸ, ಸಂಸಾರ ಎಲ್ಲವೂ ಕೆಡುತ್ತಿದೆ ಎಂದಾದರೆ ವೈದ್ಯರನ್ನು ಕಾಣುವುದು ವಿಶ್ವಾಸದ ಕೊರತೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್ನೆಟ್ ಬಳಕೆ ಕೈಮೀರಿದವರಿಗಾಗಿಯೇ ಶಟ್ ಕ್ಲಿನಿಕ್ ಎಂಬ ವಿಭಾಗ 2014ರಲ್ಲಿ ಶುರುವಾಗಿದೆ. ಪ್ರಾರ್ಥನೆಯ ಜೊತೆಗೆ ಅಲ್ಲಿಗೂ ಹೋಗಬಹುದು.

ಆಯ್ದುಕೊಂಡವರನ್ನು ವಾರಕ್ಕೊಮ್ಮೆ ಕಾಣಿರಿ. ಅರ್ಧ ಗಂಟೆ ಸಾಕು. ಆರಾಧನೆ ಮುಗಿದ ಮೇಲೆ ಕಾಂಪೌಂಡಿನಲ್ಲಿ ನಡೆದಾಡುತ್ತಲೇ ಮಾತನಾಡಬಹುದು. "ಹೇಗಿದ್ದೀಯಪ್ಪಾ?" ಎಂದು ಕೇಳಿದರೆ "ಚೆನ್ನಾಗಿದ್ದೇನಣ್ಣಾ" ಎಂಬ ಉತ್ತರವೇ ಬರುತ್ತದೆ, ಆದ್ದರಿಂದ ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಈ ವಾರ ಮಾಳಿಗೆ ಹತ್ತಿದ್ದು ಯಾವ ದಿನ? ಅಂದು ಬೆಳಿಗ್ಗೆಯಿಂದ ಏನಾಗಿತ್ತು? ಯಾರಿಂದ ಏನನ್ನಾದರೂ ಬಚ್ಚಿಟ್ಟಿದ್ದೀಯಾ? ಈಗ ನನ್ನಿಂದ ಏನನ್ನಾದರೂ ಬಚ್ಚಿಡುತ್ತಿದ್ದೀಯಾ? ನಾಲ್ಕನೆಯ ಪ್ರಶ್ನೆಯನ್ನು ಕೊನೆಗೇ ಕೇಳಬೇಕು, ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು.